ಆ ಆರು ತಿಂಗಳ ತಡ: ಕೊರೊನಾ ಕಾಲದ ಕ್ಯಾನ್ಸರ್ ಚಿಕಿತ್ಸೆ

ಪ್ರಶ್ನೆ: 2020ರ ಏಪ್ರಿಲ್‌ನಲ್ಲಿ ಅಮ್ಮನಿಗೆ ಎದೆಯಲ್ಲಿ ಗಂಟು ಸಿಕ್ಕಿತು. ಲಾಕ್‌ಡೌನ್, ಬಸ್ಸಿಲ್ಲ, ಆಸ್ಪತ್ರೆಗೆ ಹೋದರೆ ಕೊರೊನಾ ಅಂಟುತ್ತೆ ಅನ್ನೋ ಭಯ ಬೇರೆ. 'ನೋವಿಲ್ಲ ಅಲ್ವಾ, ಆಮೇಲೆ ನೋಡೋಣ' ಅಂದೆ. ಅಕ್ಟೋಬರ್‌ನಲ್ಲಿ ತೋರಿಸಿದಾಗ ಮೂರನೇ ಹಂತ ಅಂದರು. ಕೀಮೋ, ಆಪರೇಷನ್ ಆಗಿ ಈಗ ಚೆನ್ನಾಗಿದ್ದಾರೆ. ಆದರೆ ನನ್ನಿಂದಲೇ ತಡವಾಯ್ತು ಅನ್ನೋದು ತಲೆಯಿಂದ ಹೋಗ್ತಿಲ್ಲ. ಇನ್ನೊಂದು ಅನುಮಾನ: ರೇಡಿಯೇಷನ್ ಮೂರೇ ವಾರ ಕೊಟ್ಟರು. ಪಕ್ಕದ ಮನೆಯವರಿಗೆ ಹಿಂದೆ ಐದು ವಾರ ಕೊಟ್ಟಿದ್ದರು. ಕೊರೊನಾ ಅಂತ ಕಡಿಮೆ ಮಾಡಿಬಿಟ್ಟರಾ?
– ಓದುಗರೊಬ್ಬರು, ಹಾಸನ

ಉತ್ತರ: ರೇಡಿಯೇಷನ್ ವಿಷಯ ಮೊದಲು ಮುಗಿಸಿಬಿಡೋಣ, ಅದು ಸುಲಭ. ಸ್ತನ ಕ್ಯಾನ್ಸರ್‌ಗೆ ಮೂರು ವಾರದಲ್ಲಿ 15 ಸಲ ಕೊಡುವ ಕ್ರಮ ಕೊರೊನಾಗಿಂತ ಹಳೆಯದು. ಬ್ರಿಟನ್‌ನಲ್ಲಿ ವರ್ಷಗಟ್ಟಲೆ ಪರೀಕ್ಷಿಸಿ ಒಪ್ಪಿಕೊಂಡದ್ದು. ದಿನದ ಡೋಸ್ ಸ್ವಲ್ಪ ಜಾಸ್ತಿ, ದಿನಗಳು ಕಡಿಮೆ, ಅಷ್ಟೆ. 2020ರ ಏಪ್ರಿಲ್‌ನಲ್ಲಿ ಅಲ್ಲಿಂದಲೇ ಇನ್ನೊಂದು ಅಧ್ಯಯನ ಪ್ರಕಟವಾಯಿತು. ಆರಂಭಿಕ ಹಂತದವರಿಗೆ ಒಂದೇ ವಾರದಲ್ಲಿ ಐದು ಸಲ ಕೊಟ್ಟರೂ ಸಾಕು ಅಂತ ಅದು ತೋರಿಸಿತು. ಆಸ್ಪತ್ರೆಗೆ ಓಡಾಟ ಕಡಿಮೆಯಾಗಲಿ ಅಂತ ಬಹಳ ಕಡೆ ವೈದ್ಯರು ಇಂಥ ಚಿಕ್ಕ ಕ್ರಮಗಳ ಕಡೆ ಬೇಗ ವಾಲಿದರು. ನನ್ನ ಮಟ್ಟಿಗೆ ಆ ಕೆಟ್ಟ ಕಾಲದಲ್ಲಿ ಆದ ಒಳ್ಳೆಯ ಕೆಲಸ ಇದು. ಅಮ್ಮನ ಚಿಕಿತ್ಸೆಗೆ ಯಾರೂ ಕತ್ತರಿ ಹಾಕಿಲ್ಲ.

ಎಲ್ಲವೂ ಹೀಗೇ ಸಲೀಸಾಗಿ ನಡೆಯಲಿಲ್ಲ. ಬಹಳ ಕಡೆ ಪ್ರತಿ ಕೀಮೋಗೆ ಮುಂಚೆ ಮೂಗಿನ ಸ್ವಾಬ್ ಕೊಟ್ಟು ಕೊರೊನಾ ರಿಪೋರ್ಟ್‌ಗೆ ಕಾಯಬೇಕಿತ್ತು. ಪಾಸಿಟಿವ್ ಬಂದರೆ ಆ ಸುತ್ತು ಮುಂದಕ್ಕೆ. ರಕ್ತದಾನ ಶಿಬಿರಗಳು ನಿಂತಿದ್ದರಿಂದ ರಕ್ತಕ್ಕೂ ಪರದಾಟ. ಹಾರ್ಮೋನ್‌ಗೆ ಸ್ಪಂದಿಸುವ ಸ್ತನ ಕ್ಯಾನ್ಸರ್ ಇದ್ದ ಕೆಲವರಿಗೆ ಆಪರೇಷನ್ ಆಗುವವರೆಗೆ ಮಾತ್ರೆ ಕೊಟ್ಟು ರೋಗವನ್ನು ತಡೆಹಿಡಿದರು.

ಆದರೂ ದೊಡ್ಡ ಪೆಟ್ಟು ಬಿದ್ದದ್ದು ಆಸ್ಪತ್ರೆಯ ಬಾಗಿಲಲ್ಲಿ. ದೇಶದ ಕ್ಯಾನ್ಸರ್ ಆಸ್ಪತ್ರೆಗಳ ಜಾಲವಾದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್‌ಗೆ ಸೇರಿದ 41 ಆಸ್ಪತ್ರೆಗಳು 2020ರ ಮಾರ್ಚ್‌ನಿಂದ ಮೇವರೆಗಿನ ಲೆಕ್ಕವನ್ನು ಹಿಂದಿನ ವರ್ಷದ ಅದೇ ತಿಂಗಳುಗಳ ಪಕ್ಕ ಇಟ್ಟು ನೋಡಿದವು. ಹೊಸ ರೋಗಿಗಳ ನೋಂದಣಿ 1,12,270ರಿಂದ 51,760ಕ್ಕೆ ಇಳಿದಿತ್ತು. ಅಂದರೆ ಶೇ 54 ಕಡಿಮೆ. ದೊಡ್ಡ ಆಪರೇಷನ್‌ಗಳು ಶೇ 49, ದಾಖಲಾಗದೆ ಪಡೆಯುವ ಕೀಮೋ ಶೇ 37 ಇಳಿದಿದ್ದವು. ರೇಡಿಯೇಷನ್ ಮಾತ್ರ ಶೇ 23. ಈ ಅಂತರ ಗಮನಿಸಿ. ಚಿಕಿತ್ಸೆ ಶುರುವಾಗಿದ್ದ ಬಹಳ ಜನರನ್ನು ಆಸ್ಪತ್ರೆಗಳು ಹೇಗೋ ದಡ ಸೇರಿಸಿದವು. ಫೈಲೇ ಆಗದವರು ಮನೆಯಲ್ಲೇ ಉಳಿದರು. ಇಳಿಕೆ ದೊಡ್ಡ ಊರುಗಳಲ್ಲೇ ಜಾಸ್ತಿ. ಅಲ್ಲಿಗೆ ರೋಗಿಗಳು ದೂರದೂರದಿಂದ ಬರುತ್ತಾರಲ್ಲ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಒಂದು ಬೆಳಗ್ಗೆ ನಿಂತು ನೋಡಿ, ಹೊರ ಜಿಲ್ಲೆಯವರು, ಆಂಧ್ರದವರು ಎಷ್ಟು ಜನ ಅಂತ. ಬಸ್ಸು, ರೈಲು ನಿಂತರೆ ಅವರ ಚಿಕಿತ್ಸೆಯೂ ನಿಂತ ಹಾಗೆ. ಹಳ್ಳಿಯಲ್ಲಿ ಗಂಟಿನ ಬಗ್ಗೆ ಕೇಳಿ, ಡಾಕ್ಟರ ಹತ್ತಿರ ಕಳಿಸುವ ಆಶಾ ಕಾರ್ಯಕರ್ತೆಯರೂ ಆಗ ಕೊರೊನಾ ಕೆಲಸದಲ್ಲಿದ್ದರು.

ಇನ್ನು ನಿಮ್ಮ ಆರು ತಿಂಗಳು. ತಡದಿಂದ ಏನೂ ಆಗಲಿಲ್ಲ ಅಂತ ಸಮಾಧಾನಕ್ಕೆ ಹೇಳಲಾರೆ. 2020ರ ಕೊನೆಯಲ್ಲಿ ಬಂದ ಒಂದು ದೊಡ್ಡ ವಿಶ್ಲೇಷಣೆಯ ಪ್ರಕಾರ, ಆಪರೇಷನ್ ನಾಲ್ಕು ವಾರ ತಡವಾದರೆ ಸಾವಿನ ಅಪಾಯ ಶೇ 6ರಿಂದ 8 ಏರುತ್ತದೆ. ಇದನ್ನು ಜನ ತಪ್ಪಾಗಿ ಓದುತ್ತಾರೆ. ನೂರಕ್ಕೆ ಎಂಟು ಜನ ಹೆಚ್ಚಾಗಿ ಸಾಯುತ್ತಾರೆ ಅಂತ ಅರ್ಥವಲ್ಲ. ಮೊದಲು ನೂರರಲ್ಲಿ 20 ಇದ್ದ ಅಪಾಯ ಸುಮಾರು 21, 22 ಆಗುತ್ತದೆ ಅಂತ. ಅದೂ ರೋಗ ಪತ್ತೆಯಾದ ಮೇಲಿನ ತಡದ ಲೆಕ್ಕ. ಪತ್ತೆಗೂ ಮುಂಚಿನ ತಿಂಗಳುಗಳಿಗೆ ಅದನ್ನು ಹಾಗೇ ಹಚ್ಚಲಾಗದು. ಕೊರೊನಾಗಿಂತ ಮುಂಚೆಯೂ ನಮ್ಮಲ್ಲಿ ಬಹಳ ಹೆಂಗಸರಿಗೆ ಸ್ತನ ಕ್ಯಾನ್ಸರ್ ಪತ್ತೆಯಾಗುತ್ತಿದ್ದದ್ದೇ ಮುಂದುವರಿದ ಹಂತದಲ್ಲಿ. ಏಪ್ರಿಲ್‌ನಲ್ಲೇ ತೋರಿಸಿದ್ದರೆ ಯಾವ ಹಂತ ಇರುತ್ತಿತ್ತೋ, ಯಾವ ಡಾಕ್ಟರೂ ಈಗ ಹೇಳಲಾರರು. ದೇಶಕ್ಕೆ ದೇಶವೇ 'ಮನೆಯಿಂದ ಹೊರಗೆ ಬರಬೇಡಿ' ಅನ್ನುತ್ತಿದ್ದಾಗ ನೀವು ಮನೆಯಲ್ಲಿದ್ದಿರಿ. ಅದನ್ನು ಒಬ್ಬರೇ ಹೊರಬೇಡಿ. ಒಂದು ಮಾತು ಮಾತ್ರ ಮನೆಯವರಿಗೆಲ್ಲ ಹೇಳಿ: ನೋವಿಲ್ಲದ ಗಂಟನ್ನೇ ಮೊದಲು ತೋರಿಸಬೇಕು. ಶುರುವಿನಲ್ಲಿ ಸ್ತನ ಕ್ಯಾನ್ಸರ್ ಸಾಮಾನ್ಯವಾಗಿ ನೋಯುವುದೇ ಇಲ್ಲ.

ಪ್ರಶ್ನೆ: ಕೊರೊನಾ ಸಮಯದಲ್ಲಿ ಫೋನಿನಲ್ಲೇ ಫಾಲೋಅಪ್ ಮಾಡುತ್ತಿದ್ದರು. ಈಗಲೂ ಹಾಗೇ ಮಾಡಿದರೆ ಆಗಲ್ವಾ? ಸುಮ್ನೆ ಬೆಂಗಳೂರಿಗೆ ಹೋಗಿ ಬರೋದು ಖರ್ಚು.
– ಓದುಗರೊಬ್ಬರು, ರಾಯಚೂರು

ಉತ್ತರ: ಅರ್ಧ ಆಗುತ್ತೆ. ಫೋನ್, ವಿಡಿಯೊದಲ್ಲಿ ನೋಡಲು ಸರ್ಕಾರ ಸ್ಪಷ್ಟ ನಿಯಮ ಹೊರಡಿಸಿದ್ದೇ ಲಾಕ್‌ಡೌನ್ ಶುರುವಾದ ದಿನ, 2020ರ ಮಾರ್ಚ್ 25ರಂದು. ರಿಪೋರ್ಟ್ ತೋರಿಸೋದು, ಮಾತ್ರೆ ಮುಂದುವರಿಸೋದು, ಸುಸ್ತು, ವಾಂತಿಗೆ ಸಲಹೆ ಕೇಳೋದು ಎಲ್ಲ ಫೋನಿನಲ್ಲಿ ನಡೆಯುತ್ತದೆ. ಆದರೆ ಕಂಕುಳಲ್ಲಿ ಗಂಟಿದೆಯೇ ಅಂತ ಫೋನು ಮುಟ್ಟಿ ನೋಡಲಾರದು. ಯಾವ ಭೇಟಿಗೆ ಖುದ್ದಾಗಿ ಬರಲೇಬೇಕು, ಯಾವುದು ಫೋನಿನಲ್ಲಿ ಸಾಕು ಅಂತ ನಿಮ್ಮ ಡಾಕ್ಟರ ಹತ್ತಿರ ಫೈಲಿನ ಮೇಲೇ ಬರೆಸಿಕೊಳ್ಳಿ. ಸ್ಕ್ಯಾನ್, ರಕ್ತ ಪರೀಕ್ಷೆ ರಾಯಚೂರಿನಲ್ಲೇ ಮಾಡಿಸಬಹುದಾ ಅಂತಲೂ ಆಗಲೇ ಕೇಳಿಬಿಡಿ.