ಗ್ರನೋಲಾಗೆ ಸಕ್ಕರೆ ಬದಲು ಬೆಲ್ಲವೋ, ಜೇನೋ, ಖರ್ಜೂರವೋ?

ನೀವು ಕೇಳಿದ್ದು ಇಷ್ಟು: ಅಂಗಡಿಯ ಗ್ರನೋಲಾ (ಓಟ್ಸ್, ಬೀಜಗಳಿಗೆ ಸಿಹಿ ಬೆರೆಸಿ ಗರಿಗರಿಯಾಗಿ ಬೇಯಿಸಿದ ತಿಂಡಿ) ತುಂಬಾ ಸಿಹಿ, ಮನೆಯಲ್ಲೇ ಮಾಡಬೇಕು. ಸಕ್ಕರೆ ಬದಲು ಬೆಲ್ಲ, ಜೇನು, ಖರ್ಜೂರ, ಸ್ಟೀವಿಯಾ (ಗಿಡದ ಎಲೆಯಿಂದ ತೆಗೆದ ಸಿಹಿ ಪುಡಿ), ಇವುಗಳಲ್ಲಿ ಯಾವುದು ಹಾಕಲಿ? ಶುಗರ್ ಇರುವ ಅಪ್ಪನಿಗೂ ಕೊಡಬಹುದಾ? ನಾಲ್ಕನ್ನೂ ಹಾಕಿ, ಮೂರನ್ನು ಕೆಡಿಸಿ ಕಲಿತವಳು ನಾನು. ಆ ಧೈರ್ಯದಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಬೆಲ್ಲ ಹಾಕಿದ ಮಾತ್ರಕ್ಕೆ ಏನೂ ಮಹಾ ಲಾಭ ಇಲ್ಲ. 100 ಗ್ರಾಂ ಸಕ್ಕರೆಯಲ್ಲಿ ಸುಮಾರು 390 ಕ್ಯಾಲೊರಿ. ಬೆಲ್ಲದಲ್ಲೂ ಹೆಚ್ಚುಕಡಿಮೆ ಅಷ್ಟೇ. ಜೇನಿನಲ್ಲಿ 300ರ ಆಸುಪಾಸು, ಅದೂ ಅದರಲ್ಲಿ ನೀರಿನ ಅಂಶ ಇರುವುದರಿಂದ. ಬೆಲ್ಲದಲ್ಲಿ ಕಬ್ಬಿಣಾಂಶ ಇದೆ ಅಂತೀರಾ? ಇದೆ. ಆದರೆ ಒಂದು ಚಮಚ ಬೆಲ್ಲದಿಂದ ಸಿಗುವುದು ಎಷ್ಟು ಹೇಳಿ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯಲ್ಲಿ ಜೇನನ್ನೂ ಸಕ್ಕರೆಯ ಲೆಕ್ಕಕ್ಕೇ ಹಿಡಿದಿದೆ. ಎಲ್ಲ ಸೇರಿ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ, ಅಂದರೆ ಸುಮಾರು ಆರು ಟೀ ಚಮಚ. ನಮ್ಮ ಕಾಫಿ, ಟೀಯಲ್ಲೇ ಅರ್ಧ ಮುಗಿದಿರುತ್ತೆ, ಅಲ್ವಾ? ಹಾಗಾಗಿ ನಾನು ನೋಡುವುದು ಎಷ್ಟು ಕಡಿಮೆ ಸಿಹಿಯಲ್ಲಿ ಕೆಲಸ ಆಗುತ್ತೆ ಅಂತ.

ಆ ಕೆಲಸ ಏನು ಅನ್ನುವುದು ಚಿಕ್ಕಿ ಮಾಡಿದವರಿಗೆ ಗೊತ್ತು. ಪಾಕದ ನೀರು ಹೋಗುತ್ತಾ ಬಂದಂತೆ ಅದು ಗಟ್ಟಿಯಾಗಿ ಕಾಳುಗಳನ್ನು ಹಿಡಿದುಕೊಳ್ಳುತ್ತದೆ. ಆರಿದ ಮೇಲೆ ಗರಿಗರಿ. ಗ್ರನೋಲಾದಲ್ಲೂ ಅದೇ ನಡೆಯುವುದು, ಒಲೆಯ ಬದಲು ಓವನ್‌ನಲ್ಲಿ.

ಸ್ಟೀವಿಯಾ ಸೋಲುವುದು ಇಲ್ಲೇ. ಅದು ಸಕ್ಕರೆಗಿಂತ 200-300 ಪಟ್ಟು ಸಿಹಿ, ಚಿಟಿಕೆ ಸಾಕು. ಆದರೆ ಚಿಟಿಕೆ ಪುಡಿ ಏನನ್ನು ಹಿಡಿದುಕೊಳ್ಳುತ್ತೆ? ನನಗೆ ಸಿಕ್ಕಿದ್ದು ಬಿಡಿಬಿಡಿ ಒಣ ಓಟ್ಸ್, ಕೊನೆಗೆ ನಾಲಿಗೆಯಲ್ಲಿ ಅತಿಮಧುರದ ಬೇರು ಅಗಿದ ಹಾಗೆ ಒಂದು ಕಹಿ. ಯಾರೂ ಮುಟ್ಟಲಿಲ್ಲ. ರುಬ್ಬಿ ದೋಸೆ ಹಿಟ್ಟಿಗೆ ಸೇರಿಸಿದೆ, ದೋಸೆಯೂ ಹಾಳು. ಇನ್ನೊಂದು ವಿಷಯ: ತೂಕ ಇಳಿಸುವುದಕ್ಕಾಗಿ ಇಂಥ ಬದಲಿ ಸಿಹಿಗಳನ್ನು ಬಳಸಬೇಡಿ ಅಂತ ಅದೇ ಸಂಸ್ಥೆ 2023ರಲ್ಲಿ ಹೇಳಿದೆ. ಈಗಾಗಲೇ ಶುಗರ್ ಇರುವವರಿಗೆ ಆ ಮಾತು ಅನ್ವಯಿಸುವುದಿಲ್ಲ. ಅವರು ಡಾಕ್ಟರನ್ನೇ ಕೇಳಬೇಕು.

ಜೇನು ಬಹಳ ಬೇಗ ಕೆಂಪಾಗುತ್ತದೆ. ನಾನು 170 ಡಿಗ್ರಿಯಲ್ಲಿಟ್ಟು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಾ ನಿಂತೆ, ಅಷ್ಟರಲ್ಲಿ ಟ್ರೇಯ ಅಂಚೆಲ್ಲ ಕರಕಲು. ಅಲ್ಲದೆ ಒಳ್ಳೆ ಕೊಡಗಿನ ಜೇನನ್ನು ಓವನ್‌ಗೆ ಹಾಕಿ ಅದರ ಘಮ ಕಳೆಯುವುದು ನನಗಂತೂ ಹೊಟ್ಟೆ ಉರಿಯುವ ಕೆಲಸ. ತಿನ್ನುವಾಗ ಮೇಲೆ ನಾಲ್ಕು ಹನಿ ಬಿಟ್ಟುಕೊಳ್ಳಿ, ಸಾಕು. (ಒಂದು ವರ್ಷದೊಳಗಿನ ಮಗುವಿಗೆ ಮಾತ್ರ ಜೇನು ಬೇಡವೇ ಬೇಡ.)

ಖರ್ಜೂರದಲ್ಲಿ ನಾರಿನ ಅಂಶ ಇದೆ, ಆ ಲೆಕ್ಕದಲ್ಲಿ ಅದೇ ಮೇಲು. ಆದರೆ ರುಬ್ಬಿ ಹಾಕಿದರೆ ತೇವ ಬಿಟ್ಟುಕೊಡುವುದಿಲ್ಲ, ಗ್ರನೋಲಾ ಮೆತ್ತಗೇ ಉಳಿಯುತ್ತದೆ. ಮೆತ್ತಗಿದ್ದರೂ ಪರವಾಗಿಲ್ಲ ಅಂದರೆ ತೆಳ್ಳಗೆ ಹರಡಿ, 130 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ ಇಡಿ. ನಾನು ಉತ್ತತ್ತಿಯನ್ನು ಸಣ್ಣಗೆ ಹೆಚ್ಚಿ ಕೊನೆಯಲ್ಲಿ ಬೆರೆಸುತ್ತೇನೆ. ಅಂಟಿನುಂಡೆ ತಿಂದ ನೆನಪಾಗುತ್ತೆ.

ನನ್ನ ಕೈಗೆ ಒಗ್ಗಿದ್ದು ಜೋನಿ ಬೆಲ್ಲ. ನಮ್ಮ ಸಾಗರದ ಕಡೆ ದೋಸೆಗೆ ಹಚ್ಚಿಕೊಳ್ಳುವ ಆ ನೀರು ಬೆಲ್ಲವೇ. ಮೊದಲೇ ತೆಳ್ಳಗಿರುವುದರಿಂದ ಸ್ವಲ್ಪ ಹಾಕಿದರೂ ಎಲ್ಲ ಕಡೆ ಹತ್ತುತ್ತದೆ. ಸಿಗದಿದ್ದರೆ ಅಚ್ಚು ಬೆಲ್ಲವನ್ನು ಎರಡು ಚಮಚ ನೀರಿನಲ್ಲಿ ಕರಗಿಸಿ ಸೋಸಿಕೊಳ್ಳಿ. ಸೋಸದೆ ಹಾಕಿದರೆ ಹಲ್ಲಿಗೆ ಮರಳು ಸಿಗುತ್ತೆ.

ನನ್ನ ಅಳತೆ ಹೀಗೆ. ರೋಲ್ಡ್ ಓಟ್ಸ್ 300 ಗ್ರಾಂ (ಇನ್‌ಸ್ಟಂಟ್ ಬೇಡ, ಪುಡಿಯಾಗುತ್ತೆ), ಕಡಲೆಬೀಜ ಮತ್ತು ಬಾದಾಮಿ ಸೇರಿ 100 ಗ್ರಾಂ, ಎಳ್ಳು ಮತ್ತು ಸಿಹಿಗುಂಬಳದ ಬೀಜ 50 ಗ್ರಾಂ, ಹೆಚ್ಚಿದ ಒಣ ಕೊಬ್ಬರಿ 40 ಗ್ರಾಂ. ಏಲಕ್ಕಿ, ಚಕ್ಕೆ ಪುಡಿ, ಅರ್ಧ ಚಮಚ ಉಪ್ಪು. ಉಪ್ಪು ಬಿಡಬೇಡಿ, ಸಿಹಿ ಕಡಿಮೆ ಇದ್ದಾಗ ಅದೇ ರುಚಿ ಎತ್ತುವುದು. 80 ಗ್ರಾಂ ಜೋನಿ ಬೆಲ್ಲ, 60 ಮಿ.ಲೀ. ಎಣ್ಣೆ ಒಟ್ಟಿಗೆ ಬೆಚ್ಚಗೆ ಮಾಡಿ ಸುರಿದು, ಕೈಯಲ್ಲೇ ಚೆನ್ನಾಗಿ ಕಲಸಿ. ಬಟರ್ ಪೇಪರ್ ಮೇಲೆ ಹರಡಿ, ಚಮಚದ ಹಿಂಬದಿಯಿಂದ ಒತ್ತಿ. 150 ಡಿಗ್ರಿ, ಅರ್ಧ ಗಂಟೆ. ಮಧ್ಯದಲ್ಲಿ ಟ್ರೇ ತಿರುಗಿಸಿ, ಕೈಯಾಡಿಸಬೇಡಿ. ಹೊರಗೆ ತೆಗೆದಾಗ ಮೆತ್ತಗಿದೆ ಅಂತ ಗಾಬರಿ ಬಿದ್ದು ಮತ್ತೆ ಒಳಗಿಡಬೇಡಿ. ಪೂರ್ತಿ ಆರಿದ ಮೇಲೆಯೇ ಅದು ಗರಿಯಾಗುವುದು. ಆಮೇಲೆ ಮುರಿಯಿರಿ. ದ್ರಾಕ್ಷಿ, ಉತ್ತತ್ತಿ ಆಗ ಸೇರಿಸಿ. ಮೊದಲೇ ಹಾಕಿದರೆ ಕಲ್ಲಾಗುತ್ತವೆ.

ಇದರಿಂದ ಸುಮಾರು 600 ಗ್ರಾಂ ಬರುತ್ತದೆ. ಒಂದು ಸಲಕ್ಕೆ 40 ಗ್ರಾಂ ಅಂದುಕೊಂಡರೆ 15 ಸಲಕ್ಕೆ. ಒಬ್ಬರ ಪಾಲಿಗೆ ಬೆಲ್ಲ 5 ಗ್ರಾಂ ಚಿಲ್ಲರೆ. ಕ್ಯಾಲೊರಿ ನನ್ನ ಲೆಕ್ಕದಲ್ಲಿ 200ರ ಹತ್ತಿರ, ಅದರಲ್ಲಿ ಬೆಲ್ಲದ್ದು 20 ಕೂಡ ಇಲ್ಲ. ಅರ್ಧಕ್ಕಿಂತ ಜಾಸ್ತಿ ಎಣ್ಣೆ, ಬೀಜ, ಕೊಬ್ಬರಿಯದ್ದು. ಸಿಹಿಯ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡು ಬಟ್ಟಲು ತುಂಬಾ ತಿಂದರೆ ಏನು ಬಂತು?

ನಮ್ಮ ಮಾವ ಮಾಡಿದ್ದು ಅದನ್ನೇ. ಅವರಿಗೂ ಶುಗರ್. "ಮನೇದು, ಬೆಲ್ಲದ್ದು" ಅಂತ ಒಂದು ದೊಡ್ಡ ಬಟ್ಟಲು ಮುಗಿಸಿದರು. ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿ ನೋಡಿದರೆ ಮೀಟರ್ ಬೇರೆಯೇ ಕಥೆ ಹೇಳಿತು. ಈಗ ಅವರದ್ದು ಬೇರೆ ಡಬ್ಬ, ಬೆಲ್ಲವೇ ಇಲ್ಲ. ಒಂದು ಮೊಟ್ಟೆಯ ಬಿಳಿಯನ್ನು ನೊರೆ ಬರಿಸಿ ಕಲಸುತ್ತೇನೆ, ಅದೇ ಹಿಡಿದುಕೊಳ್ಳುತ್ತದೆ. ಮೊಟ್ಟೆ ತಿನ್ನದವರು ಅಗಸೆ ಪುಡಿಯನ್ನು ನೀರಿನಲ್ಲಿ ನೆನೆಸಿ ಹಾಕಬಹುದು, ಅಷ್ಟು ಗರಿ ಬರುವುದಿಲ್ಲ. ಮಾವ ಈಗ ತಿನ್ನುವುದು ಮೂರು ಚಮಚ ಗ್ರನೋಲಾ, ಮೊಸರಿನ ಜೊತೆ. ನಿಮ್ಮ ಅಪ್ಪನಿಗೂ ಹೀಗೇ ಶುರು ಮಾಡಿ, ಮೊದಲ ನಾಲ್ಕು ದಿನ ಮೀಟರ್ ನೋಡಿಕೊಳ್ಳಿ. ಸಿಹಿ ಇಲ್ಲದ್ದು ಹೊಸದೇನೂ ಅಲ್ಲ ಬಿಡಿ. 1863ರಲ್ಲಿ ನ್ಯೂಯಾರ್ಕ್ ರಾಜ್ಯದ ಡ್ಯಾನ್ಸ್‌ವಿಲ್‌ನಲ್ಲಿ ಡಾಕ್ಟರ್ ಜೇಮ್ಸ್ ಕ್ಯಾಲೆಬ್ ಜಾಕ್ಸನ್ ಮಾಡಿದ 'ಗ್ರಾನ್ಯುಲಾ' ಬರೀ ಗೋಧಿ ಹಿಟ್ಟಿನದ್ದು. ರಾತ್ರಿಯಿಡೀ ನೆನೆಸದೆ ಅಗಿಯಲು ಆಗುತ್ತಿರಲಿಲ್ಲವಂತೆ.

ಓವನ್ ಇಲ್ಲದಿದ್ದರೆ ದಪ್ಪ ತಳದ ಬಾಣಲೆಯಲ್ಲಿ ಎಲ್ಲವನ್ನೂ ಸಣ್ಣ ಉರಿಯಲ್ಲಿ ಬೇರೆ ಬೇರೆ ಹುರಿದು, ಕೊನೆಗೆ ಪಾಕಕ್ಕೆ ಹಾಕಿ ತಿರುವಿ. ಓಟ್ಸ್ ಬದಲು ಅವಲಕ್ಕಿಯೂ ಆಗುತ್ತೆ, ಗರಿ ಅದರಲ್ಲೇ ಜಾಸ್ತಿ. ಗಾಳಿಯಾಡದ ಡಬ್ಬದಲ್ಲಿ ಎರಡು ಮೂರು ವಾರ ಇರುತ್ತದೆ. ಮಳೆಗಾಲದಲ್ಲಿ ಮೆತ್ತಗಾದರೆ 120 ಡಿಗ್ರಿಯಲ್ಲಿ ಹತ್ತು ನಿಮಿಷ ಇಟ್ಟು ತೆಗೆಯಿರಿ, ಮತ್ತೆ ಗರಿಯಾಗುತ್ತೆ. ಒಣ ಹಣ್ಣು ಬೆರೆಸಿದ್ದರೆ ಅದನ್ನು ಮಾತ್ರ ಮೊದಲು ಆರಿಸಿ ತೆಗೆದಿಡಿ.