ಹಂಚಿನ ಮನೆಯಲ್ಲಿ ಬಾಲ್ ಪೈಥಾನ್ ಸಾಕಲು ಎಂತಹ ಪೆಟ್ಟಿಗೆ ಬೇಕು?

ಎರಡಡಿ ಉದ್ದದ ಬಾಲ್ ಪೈಥಾನ್ (ವಿಷವಿಲ್ಲದ ಸಣ್ಣ ಜಾತಿಯ ಹೆಬ್ಬಾವು) ಮರಿಯನ್ನು ಹಳೆಯ ಮೀನಿನ ತೊಟ್ಟಿಯಲ್ಲಿಟ್ಟು, ಮೇಲೆ ಸೊಳ್ಳೆಜಾಲರಿ ಹೊದೆಸಿ ನಾಲ್ಕು ಮೂಲೆಗೂ ಕಲ್ಲು ಹೇರಿದರೆ ಸಾಕೇ, ಇಲ್ಲವಾದರೆ ಆಚಾರಿಯಿಂದ ಮರದ ಪೆಟ್ಟಿಗೆ ಮಾಡಿಸಬೇಕೇ ಎಂದು ಕೇಳಿದ್ದೀರಿ. ಮನೆ ಕಾಸರಗೋಡು ಜಿಲ್ಲೆಯ ಕುಂಬಳೆಯ ಬಳಿ, ಹಂಚಿನ ಮಾಡಿನದು ಎಂದೂ ತಿಳಿಸಿದ್ದೀರಿ. ಬದಿಯಡ್ಕದ ಕಡೆ ಅಂತಹದೇ ಮನೆಯಲ್ಲಿ ಇದೇ ಜಾತಿಯ ಹಾವನ್ನು ಸಾಕುತ್ತಿರುವ ನನ್ನ ಸಲಹೆಯೆಂದರೆ, ಎರಡೂ ಬೇಡ. ಮುಂಭಾಗದಲ್ಲಿ ಗಾಜಿನ ಜಾರುಬಾಗಿಲಿರುವ, ಪಿವಿಸಿ ಹಲಗೆಯ ಪೆಟ್ಟಿಗೆಯನ್ನು ಮಾಡಿಸಿ.

ಹಾವು ಮುಚ್ಚಳವನ್ನು ನಡುವಿನಿಂದ ಎತ್ತಲು ಹೋಗುವುದಿಲ್ಲ. ರಾತ್ರಿಯಿಡೀ ಅಂಚಿನುದ್ದಕ್ಕೂ ಮೂತಿಯಿಂದ ಒತ್ತುತ್ತ ಸಾಗಿ, ಎಲ್ಲಿ ಸ್ವಲ್ಪ ಸಡಿಲ ಕಂಡಿತೋ ಅಲ್ಲಿಯೇ ಮತ್ತೆ ಮತ್ತೆ ಒತ್ತುತ್ತದೆ. ತಲೆ ತೂರುವಷ್ಟು ಎಡೆ ಸಿಕ್ಕಿತೆಂದರೆ, ಹೊಟ್ಟೆ ತುಂಬಿರದ ಹಾವಿನ ಉಳಿದ ದೇಹವೂ ಅದರಲ್ಲಿಯೇ ಹಿಂಬಾಲಿಸುತ್ತದೆ. ಮೂಲೆಗಳಲ್ಲಿ ಕಲ್ಲಿಟ್ಟರೆ ಭಾರ ಮೂಲೆಗಳ ಮೇಲಷ್ಟೇ ಬೀಳುತ್ತದೆಯೇ ಹೊರತು ಎರಡು ಕಲ್ಲುಗಳ ನಡುವಿನ ಜಾಲರಿ ಸಡಿಲವಾಗಿಯೇ ಉಳಿಯುತ್ತದೆ. ನೈಲಾನ್ ಜಾಲರಿಯಂತೂ ಮೂತಿಯ ಒತ್ತಡಕ್ಕೆ ಹರಿಯುತ್ತದೆ. ಹರಿಯದಿದ್ದರೆ ಹಾವಿನ ಮೂತಿಯೇ ಉಜ್ಜಿ ಗಾಯವಾಗುತ್ತದೆ. ಕಲ್ಲು ಜಾರಿ ಒಳಗೆ ಬಿದ್ದರೆ ಹಾವು ಬದುಕುವ ಭರವಸೆಯಿಲ್ಲ.

ಮರದ ಪೆಟ್ಟಿಗೆಯನ್ನು ನಾನು ಬೇಡವೆನ್ನುವುದು ನಮ್ಮ ಹವೆಯ ಕಾರಣಕ್ಕೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಈ ಜಿಲ್ಲೆಯಲ್ಲಿ, ಆಟಿ ತಿಂಗಳಿನಲ್ಲಿ (ಜುಲೈ–ಆಗಸ್ಟ್) ಉಬ್ಬಿಕೊಂಡು ತೆರೆಯಲೇ ಒಪ್ಪದ ಮರದ ಬಾಗಿಲು ಮಾರ್ಚಿನ ಒಣಬಿಸಿಲಿಗೆ ಕುಗ್ಗಿ ಬೆರಳು ತೂರುವಷ್ಟು ಸಂದು ಬಿಡುವುದನ್ನು ನಾವೆಲ್ಲ ಮನೆಯ ಕಿಟಕಿಗಳಲ್ಲಿಯೇ ಕಂಡಿದ್ದೇವೆ. ಪ್ಲೈವುಡ್ ಆದರೆ ಚೆಲ್ಲಿದ ನೀರಿಗೂ ಹಾವಿನ ಮೂತ್ರಕ್ಕೂ ಅಂಚಿನಲ್ಲಿ ಪದರ ಬಿಡುತ್ತದೆ. ಸ್ನಾನಗೃಹದ ಬಾಗಿಲಿಗೆ ಬಳಸುವ ಪಿವಿಸಿ ಹಲಗೆಗೆ ಈ ತೊಂದರೆಗಳಿಲ್ಲ. ಅಲ್ಯೂಮಿನಿಯಂ ಕೆಲಸ ಮಾಡುವ ಅಂಗಡಿಯವರೇ ಅದನ್ನು ಕತ್ತರಿಸಿ, ಅಂಚಿಗೆ ಅಲ್ಯೂಮಿನಿಯಂ ಕೋನಪಟ್ಟಿ ಹೊಡೆದು, ಗಾಜು ಜಾರುವ ಹಳಿ ಕೂರಿಸಿ ಕೊಡುತ್ತಾರೆ. ಬಾಲ್ ಪೈಥಾನ್ ಬೆಳೆದಾಗ ಮೂರರಿಂದ ಐದು ಅಡಿಯಾಗುವುದರಿಂದ 120 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಅಗಲದ ಪೆಟ್ಟಿಗೆಯನ್ನು ಒಂದೇ ಸಲಕ್ಕೆ ಮಾಡಿಸುವುದು ಮೇಲು. ಮರಿಗೆ ಅಷ್ಟು ಜಾಗ ಹೆದರಿಕೆ ಹುಟ್ಟಿಸೀತು ಎನ್ನುವವರಿದ್ದಾರೆ; ಮೈಗೆ ಒತ್ತಿಕೊಳ್ಳುವಷ್ಟು ಇಕ್ಕಟ್ಟಾದ ಅಡಗುದಾಣಗಳನ್ನೂ ಒಣಗಿದ ಎಲೆಗಳನ್ನೂ ಧಾರಾಳವಾಗಿ ಇಟ್ಟರೆ ಆ ತೊಂದರೆ ಬರುವುದಿಲ್ಲ.

ಇನ್ನು ಬಾಗಿಲು. ಜಾರುಗಾಜುಗಳೆರಡು ಒಂದರ ಮೇಲೊಂದು ಹಾಯುವಲ್ಲಿ ಕೆಲವು ಮಿಲಿಮೀಟರಿನ ಸಂದು ಉಳಿದೇ ಉಳಿಯುತ್ತದೆ. ನಿಮ್ಮ ಮರಿಯ ತಲೆ ಅದರಲ್ಲಿ ತೂರದಿರಬಹುದು, ಆದರೆ ಗಾಜನ್ನು ಒತ್ತಿ ಸಂದನ್ನು ಹಿಗ್ಗಿಸುವ ಬಲ ಅದಕ್ಕಿದೆ. ಆದ್ದರಿಂದ ಆ ಉದ್ದಕ್ಕೂ ಪಾರದರ್ಶಕ ಸಿಲಿಕೋನ್ ಪಟ್ಟಿ ಅಂಟಿಸಿ, ಬೇಕರಿಯ ಗಾಜಿನ ಕಪಾಟಿಗೆ ಹಾಕುವ ಹಲ್ಲುಪಟ್ಟಿಯ ಬೀಗವನ್ನು ಹಾಕಿಸಿ. ಕೇವಲ ಅಯಸ್ಕಾಂತದಿಂದ ಮುಚ್ಚಿಕೊಳ್ಳುವ ಬಾಗಿಲನ್ನು ನಾನು ಬಾಗಿಲೆಂದೇ ಲೆಕ್ಕಿಸುವುದಿಲ್ಲ. ಗಾಳಿಗೆ ಒಂದು ಬದಿಯ ಕೆಳಗೂ ಎದುರು ಬದಿಯ ಮೇಲೂ ಸಣ್ಣ ತೂತುಗಳ ಲೋಹದ ತಗಡನ್ನು ಒಳಗಿನಿಂದ ಕೂರಿಸಿ, ಅಂಚು ನುಣುಪಾಗಿದೆಯೇ ಎಂದು ಬೆರಳಾಡಿಸಿ ನೋಡಿ. ಹಾವು ತಪ್ಪಿಸಿಕೊಂಡೀತೆಂಬ ಭಯದಿಂದ ಗಾಳಿಯ ದಾರಿಯನ್ನೇ ಮುಚ್ಚುವವರಿದ್ದಾರೆ. ಮಳೆಗಾಲದಲ್ಲಿ ಹಾಗೆ ಮಾಡಿದರೆ ಒಳಗೆಲ್ಲ ಬೂಸಲು ಹಿಡಿದು ಹೊಟ್ಟೆಯ ಹುರುಪೆಗಳು ಕೊಳೆಯಲಾರಂಭಿಸುತ್ತವೆ.

ಅಂತರ್ಜಾಲದಲ್ಲಿ ದೊರೆಯುವ ಸಲಹೆಗಳಲ್ಲಿ ಹೆಚ್ಚಿನವು ಚಳಿಯ ದೇಶಗಳಿಂದ ಬಂದವು ಎಂಬುದನ್ನು ಮರೆಯಬೇಡಿ. ಬಿಸಿಯ ಬದಿ 31ರಿಂದ 32 ಡಿಗ್ರಿ, ತಂಪು ಬದಿ 26 ಡಿಗ್ರಿಯ ಆಸುಪಾಸು ಇರಬೇಕೆಂಬುದು ಸರಿಯೇ; ಆದರೆ ಏಪ್ರಿಲಿನಲ್ಲಿ ನಮ್ಮ ಕೋಣೆಗಳೇ ಆ ಬಿಸಿಯಲ್ಲಿರುತ್ತವೆ. ಆಗಲೂ ಬಿಸಿಗೆಂದು ದೀಪ ಉರಿಸಿದರೆ ತಂಪು ಬದಿಯೇ ಇಲ್ಲದಂತಾಗಿ ಹಾವು ಹೊರಬೀಳಲು ಹೆಣಗುತ್ತದೆ. ಜೋರು ಮಳೆಯ ತಿಂಗಳುಗಳಿಗೆಂದು ಥರ್ಮೋಸ್ಟಾಟ್ (ಬಿಸಿಯನ್ನು ಮಿತಿಯಲ್ಲಿಡುವ ಸಾಧನ) ಸಹಿತವಾದ ಒಂದು ಸಣ್ಣ ಹೀಟ್ ಮ್ಯಾಟ್, ಅಂದರೆ ವಿದ್ಯುತ್ತಿನಿಂದ ಬಿಸಿಯಾಗುವ ಹಾಸು, ಸಾಕು. ಅದರ ತಂತಿಗೆ ಕೊರೆದ ತೂತನ್ನು ಸಿಲಿಕೋನಿನಿಂದ ಮುಚ್ಚಿ, ಹುಳಿವಾಸನೆ ಪೂರ್ತಿ ಹೋದ ಮೇಲಷ್ಟೇ ಹಾವನ್ನು ಬಿಡಿ.

ಇಷ್ಟೊಂದು ಜಾಗ್ರತೆಯನ್ನು ನಾನು ಒತ್ತಿ ಹೇಳುವುದು ಹಾವು ಕಳೆದುಹೋದೀತೆಂಬ ಬೇಸರಕ್ಕಷ್ಟೇ ಅಲ್ಲ. ನಮ್ಮ ತೋಟಗಳಲ್ಲಿ ಕೊಳಕುಮಂಡಲ ಸಾಮಾನ್ಯ. ಕಂದುಬಣ್ಣದ ದಪ್ಪ ಮೈ, ಅದರ ಮೇಲೆ ದುಂಡುದುಂಡಾದ ಮಚ್ಚೆಗಳು. ಅರೆಬೆಳಕಿನಲ್ಲಿ ಕಪಾಟಿನಡಿ ಸುರುಳಿ ಸುತ್ತಿ ಮಲಗಿದರೆ ಅದಕ್ಕೂ ನಿಮ್ಮ ಬಾಲ್ ಪೈಥಾನಿಗೂ ವ್ಯತ್ಯಾಸ ಹೇಳುವುದು ಮನೆಮಂದಿಗೆ ಸಾಧ್ಯವಾಗದು. ನಿಮ್ಮ ಹಾವು ಪಕ್ಕದ ಮನೆಗೆ ಹೋದರೆ ಕೊಳಕುಮಂಡಲವೆಂದು ಬಡಿಸಿಕೊಂಡು ಸಾಯುತ್ತದೆ. ಅದಕ್ಕಿಂತಲೂ ಭಯಂಕರವಾದುದು ತಿರುಗಾಮುರುಗಾ ಸಂಗತಿ: ತಪ್ಪಿಸಿಕೊಂಡ ನಿಮ್ಮದೇ ಹಾವೆಂದು ಭಾವಿಸಿ, ತೋಟದಿಂದ ಒಳಬಂದ ಕೊಳಕುಮಂಡಲಕ್ಕೆ ನೀವೋ ಮಕ್ಕಳೋ ಕೈ ಚಾಚುವುದು. ಹಾವಿನ ಆಹಾರಕ್ಕೆಂದು ಮನೆಯಲ್ಲಿ ಜೀವಂತ ಇಲಿಗಳನ್ನು ಸಾಕಿದರೆ ಅವುಗಳ ವಾಸನೆಗೆ ಕೇರೆ, ನಾಗರಹಾವುಗಳೂ ಬಂದಾವು. ಹೆಪ್ಪುಗಟ್ಟಿಸಿದ ಇಲಿಯನ್ನು ಕರಗಿಸಿ ಕೊಡುವ ಅಭ್ಯಾಸವನ್ನೇ ಮಾಡಿಸಿ.

ಹಂಚಿನ ಮಾಡು ಮತ್ತು ಗೋಡೆಯ ನಡುವೆ ತೆರಪಿರುವ ಕೋಣೆಯಲ್ಲಿ ಪೆಟ್ಟಿಗೆಯಿಡಬೇಡಿ. ತಾರಸಿ ಮಾಡಿನ ಒಂದು ಕೋಣೆಯಿದ್ದರೆ ಅದನ್ನೇ ಆರಿಸಿ, ಬಾಗಿಲಿನಡಿಗೆ ರಬ್ಬರ್ ಪಟ್ಟಿ ಹಾಕಿ, ನೀರು ಹೋಗುವ ಕೊಳವೆಗೆ ಜಾಲಿ ಕೂರಿಸಿ, ಗಾರೆಯಿಲ್ಲದ ಕೆಂಪುಕಲ್ಲಿನ ಗೋಡೆಯಾದರೆ ಸಂದುಗಳನ್ನು ಸಿಮೆಂಟಿನಿಂದ ತುಂಬಿಸಿ.

ಪೆಟ್ಟಿಗೆ ಮನೆಗೆ ಬಂದ ರಾತ್ರಿ ಹಾವನ್ನು ಬಿಡುವ ಮುನ್ನ ಒಳಗೆ ಟಾರ್ಚ್ ಉರಿಸಿಟ್ಟು ಕೋಣೆಯ ದೀಪ ಆರಿಸಿ. ಗಾಜು ಮತ್ತು ಗಾಳಿತೂತುಗಳಲ್ಲದೆ ಬೇರೆಲ್ಲಿ ಬೆಳಕಿನ ಗೆರೆ ಕಂಡರೂ ಅದು ಸಂದು. ಬಳಿಕ ಬಾಗಿಲನ್ನೂ ತಗಡನ್ನೂ ಒಳಗಿನಿಂದ ಹೆಬ್ಬೆರಳಲ್ಲಿ ಬಲವಾಗಿ ಒತ್ತಿ ನೋಡಿ, ಏಕೆಂದರೆ ಹಾವು ಒತ್ತುವುದು ಆ ಬದಿಯಿಂದಲೇ.

ಅಷ್ಟಾಗಿಯೂ ತಪ್ಪಿಸಿಕೊಂಡರೆ ಕೋಣೆಯ ಬಾಗಿಲು ಮುಚ್ಚಿ, ನೆಲದ ಮೇಲೆ ಗೋಡೆಯುದ್ದಕ್ಕೂ ಅಕ್ಕಿಹುಡಿ ತೆಳುವಾಗಿ ಉದುರಿಸಿಟ್ಟರೆ ರಾತ್ರಿ ಅದು ಹೋದ ದಾರಿ ಬೆಳಗ್ಗೆ ತಿಳಿಯುತ್ತದೆ. ಫ್ರಿಜ್ಜಿನ ಹಿಂಭಾಗ, ಇನ್ವರ್ಟರಿನ ಅಡಿ ಮುಂತಾದ ಬೆಚ್ಚಗಿನ ಕತ್ತಲೆಗಳಲ್ಲಿ ಟಾರ್ಚ್ ಹಿಡಿದು ಹುಡುಕಿ, ತಲೆ ಕಾಣದೆ ಮುಟ್ಟಬೇಡಿ. ಯಾವ ಹಾವೆಂಬ ಸಂಶಯ ಕಿಂಚಿತ್ತಾದರೂ ಇದ್ದರೆ ಕೇರಳ ಅರಣ್ಯ ಇಲಾಖೆಯ ‘ಸರ್ಪ’ ಆ್ಯಪ್ ಮೂಲಕ ಇಲಾಖೆಯ ತರಬೇತಿ ಪಡೆದ ಹಾವು ಹಿಡಿಯುವವರನ್ನು ಕರೆಸಿ.

ಕಾನೂನಿನ ಮಾತನ್ನು ನೀವು ಕೇಳಿಲ್ಲವಾದರೂ ಹೇಳಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ನಮ್ಮ ಊರಿನ ಹೆಬ್ಬಾವಿನ ಮರಿಯನ್ನು ಸಾಕುವುದು ಅಪರಾಧ. ಬಾಲ್ ಪೈಥಾನ್ ಆಫ್ರಿಕದ್ದಾದರೂ ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿರುವುದರಿಂದ, 2022ರ ತಿದ್ದುಪಡಿ ಹಾಗೂ 2024ರ ನಿಯಮಗಳ ಪ್ರಕಾರ ಅದನ್ನು ಕೇಂದ್ರ ಪರಿಸರ ಸಚಿವಾಲಯದ ‘ಪರಿವೇಶ್’ ಜಾಲತಾಣದಲ್ಲಿ ನೋಂದಾಯಿಸಬೇಕು. ಮಾರಿದವರಿಂದ ದಾಖಲೆ ಪಡೆದಿರದಿದ್ದರೆ ಪೆಟ್ಟಿಗೆಗೆ ಹಣ ಕೊಡುವ ಮೊದಲು ಅದನ್ನು ಕೇಳಿ ಪಡೆಯಿರಿ. ಹೊಸ ಪೆಟ್ಟಿಗೆ ಸಿದ್ಧವಾಗುವವರೆಗೆ, ಬದಿಗಳಲ್ಲಿ ಕೊಂಡಿಯಿರುವ ಗಟ್ಟಿ ಪ್ಲಾಸ್ಟಿಕ್ ಡಬ್ಬಕ್ಕೆ ಕಾಯಿಸಿದ ಮೊಳೆಯಿಂದ ಹೊರಮುಖವಾಗಿ ಸಣ್ಣ ತೂತುಗಳನ್ನು ಮಾಡಿ, ಸುತ್ತ ಎರಡು ಬೆಲ್ಟ್ ಬಿಗಿದು ಮರಿಯನ್ನು ಅದರಲ್ಲಿಡಬಹುದು. ಮೀನಿನ ತೊಟ್ಟಿಗಿಂತ ಅದು ಎಷ್ಟೋ ಭದ್ರ.