ಕಪ್ಪು ತೆಳುವಿದ್ದರೆ ಮಾತ್ರ ಚರ್ಮಕ್ಕೆ ಹಳೆಯ ಕಳೆ

ಪ್ರಶ್ನೆ: ಕೊಲ್ಹಾಪುರದ ಚರ್ಮ ತಂದು ಹೆಗಲಚೀಲ ಹೊಲಿದಿದ್ದೇನೆ. ಮನೆಯಲ್ಲೇ ಕಪ್ಪು ಬಣ್ಣ ಹಾಕಬೇಕು. ಆದರೆ ಬಳಸುತ್ತ ಹೋದಂತೆ ಅಂಚಿನಲ್ಲಿ, ಮಡಿಕೆಯಲ್ಲಿ ಕಂದು ಇಣುಕಿ ಹಳೆಯ ಕಳೆ ಬರಬೇಕು. ಹೇಗೆ? (ಗಡಹಿಂಗ್ಲಜ)

ಉತ್ತರ: ಇದನ್ನು ಕೇಳುವವರಲ್ಲಿ ಹೆಚ್ಚಿನವರು ಆಗಲೇ ಅಕ್ರಿಲಿಕ್ ಬಣ್ಣ ಬಳಿದು ಕೆಡಿಸಿಕೊಂಡಿರುತ್ತಾರೆ. ಅಕ್ರಿಲಿಕ್ ಚರ್ಮದೊಳಗೆ ಇಳಿಯುವುದಿಲ್ಲ, ಮೇಲೆ ಪ್ಲಾಸ್ಟಿಕ್ ಪೊರೆಯಾಗಿ ಕೂರುತ್ತದೆ. ಅದು ಸವೆಯುವುದೂ ಇಲ್ಲ, ಹಳೆ ಗೋಡೆಯ ಸುಣ್ಣದಂತೆ ಹಕ್ಕಳೆ ಏಳುತ್ತದೆ. ನೀವಿನ್ನೂ ಕೈ ಹಚ್ಚಿಲ್ಲ, ಒಳ್ಳೆಯದಾಯಿತು.

ನಿಮಗೆ ಬೇಕಾದದ್ದು ಇಷ್ಟು: ಕಪ್ಪು ಮೇಲ್ಮೈಯಲ್ಲಿ ತೀರಾ ತೆಳುವಾಗಿರಬೇಕು, ಅದರಡಿ ಜಾಲಿ ತೊಗಟೆ ಮತ್ತು ಅಳಲೆಕಾಯಿ ಕೊಟ್ಟ ಕಂದು ಹಾಗೇ ಉಳಿದಿರಬೇಕು. ಅದಕ್ಕೆ ಅಂಗಡಿಯ ಕಪ್ಪು ಬಣ್ಣಕ್ಕಿಂತ ಕಬ್ಬಿಣದ ನೀರು, ಅಂದರೆ ಕಬ್ಬಿಣ ಕರಗಿಸಿದ ವಿನೆಗರ್, ಮೇಲು. ತೊಗಟೆಯಲ್ಲಿ ಹದ ಮಾಡಿದ ಚರ್ಮದಲ್ಲಿ ತೊಗಟೆಯ ಒಗರು ಅಂಶವಾದ ಟ್ಯಾನಿನ್ ಇರುತ್ತದೆ. ಕಬ್ಬಿಣ ಅದರೊಡನೆ ಸೇರಿದಲ್ಲೇ ಕಪ್ಪು ಹುಟ್ಟುತ್ತದೆ. ಅದು ಬಳಿದ ಬಣ್ಣವಲ್ಲವಾದ್ದರಿಂದ ಸರಿಯಾಗಿ ತೊಳೆದರೆ ಬಟ್ಟೆಗೆ ಹತ್ತುವುದಿಲ್ಲ.

ಗಾಜಿನ ಬಾಟಲಿಯಲ್ಲಿ 500 ಮಿಲಿ ಬಿಳಿ ವಿನೆಗರ್ ತೆಗೆದುಕೊಳ್ಳಿ. ಬಡಗಿಗಳು ಬಳಸುವ ನಯವಾದ ಸ್ಟೀಲ್ ವುಲ್ (ಉಕ್ಕಿನ ಎಳೆಗಳ ಗುಂಜು) 15 ಗ್ರಾಂ ಸಾಕು. ಅದಕ್ಕೆ ಎಣ್ಣೆ ಸವರಿರುತ್ತಾರೆ, ಸೋಪಿನಲ್ಲಿ ತೊಳೆದು ಒಣಗಿಸಿ ಹಾಕಿ. ಪಾತ್ರೆ ತಿಕ್ಕುವ ಸ್ಟೇನ್‌ಲೆಸ್ ಗುಂಜು ಕರಗದು; ಅದನ್ನು ಹಾಕಿ ‘ಕಪ್ಪೇ ಬರಲಿಲ್ಲ’ ಎಂದು ಬರೆಯಬೇಡಿ. ಮುಚ್ಚಳ ಬಿಗಿಯಬೇಡಿ, ಹೈಡ್ರೋಜನ್ ಹುಟ್ಟುತ್ತದೆ, ಬಾಟಲಿ ಒಡೆದೀತು. ಒಲೆಯ ಹತ್ತಿರವಂತೂ ಇಡಲೇಬೇಡಿ. ಏಳರಿಂದ ಹತ್ತು ದಿನ ಬಿಡಿ. ತಳದಲ್ಲಿ ಕರಗದ ಕಬ್ಬಿಣ ಸ್ವಲ್ಪ ಉಳಿದಿದ್ದರೆ ಆಮ್ಲ ಬಹುಪಾಲು ಖರ್ಚಾಗಿದೆ ಎಂದರ್ಥ. ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿ. ಒಂದು ಎಳೆ ಉಳಿದರೂ ಚರ್ಮದ ಮೇಲೆ ಕರಿ ಚುಕ್ಕೆ ಬೀಳುತ್ತದೆ.

ಚರ್ಮಕ್ಕೆ ಇನ್ನಷ್ಟು ಟ್ಯಾನಿನ್ ಕೊಡಲು, ಬಣ್ಣ ಹಾಕುವ ಹಿಂದಿನ ರಾತ್ರಿ 50 ಗ್ರಾಂ ಅಳಲೆಪುಡಿಯನ್ನು, ಅದೇ ನಿಮ್ಮ ಕಡೆಯ ಹಿರಡಾ, 1 ಲೀಟರ್ ಬಿಸಿನೀರಿನಲ್ಲಿ ನೆನೆಸಿಡಿ. ಕಬ್ಬಿಣದ ಪಾತ್ರೆ ಬೇಡ, ಕಷಾಯವೇ ಕಪ್ಪಾಗುತ್ತದೆ. ಪೂರ್ತಿ ತಣ್ಣಗಾದ ಮೇಲೆ ಸೋಸಿ, ಸ್ಪಂಜಿನಿಂದ ಇಡೀ ಚೀಲಕ್ಕೆ ಸಮನಾಗಿ ಸವರಿ. ಒಂದೇ ಕಡೆ ಒದ್ದೆ ಮಾಡಿದರೆ ಅಲ್ಲಿ ಕಲೆಯ ಗೆರೆ ನಿಲ್ಲುತ್ತದೆ. ಚರ್ಮ ಮುಟ್ಟಿದರೆ ತಂಪು, ಆದರೆ ಕೈಗೆ ನೀರು ಹತ್ತದು ಎಂಬ ಹಂತದಲ್ಲಿ ಕಬ್ಬಿಣದ ನೀರು ಹಚ್ಚಿ. ಒಂದೇ ಸುತ್ತು. ಮೊದಲು ಬೂದಿಬಣ್ಣ ಕಂಡೀತು, ಗಾಬರಿಬಿದ್ದು ಮತ್ತೆ ಸವರಬೇಡಿ, ಅರ್ಧ ಗಂಟೆಯಲ್ಲಿ ಕಪ್ಪೇರುತ್ತದೆ. ಎರಡನೆಯ ಸುತ್ತು ಹಾಕಿದಿರೋ, ಕಪ್ಪು ಆಳಕ್ಕಿಳಿದು ಕೆಳಗಿನ ಕಂದನ್ನು ನುಂಗುತ್ತದೆ. ಹೆಚ್ಚಾದ ಕಬ್ಬಿಣ ವರ್ಷಗಳಲ್ಲಿ ಚರ್ಮವನ್ನೇ ಬಿರಿಸುತ್ತದೆ.

ಆಮೇಲೆ 1 ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಕಲಸಿ ಒಮ್ಮೆ ಒರೆಸಿ, ತಕ್ಷಣ ಎರಡು ಸಲ ಶುದ್ಧ ನೀರಿನಿಂದ ಒರೆಸಿ. ಸೋಡಾ ಬಿಟ್ಟರೆ ಆಮ್ಲ ಒಳಗೇ ಉಳಿಯುತ್ತದೆ; ಹೆಚ್ಚು ಹಾಕಿದರೆ ಚರ್ಮ ಗಡಸಾಗುತ್ತದೆ. ಒಣಗಿಸುವುದು ನೆರಳಿನಲ್ಲಿ, ಎರಡು ದಿನ, ನಡುನಡುವೆ ಮೆಲ್ಲಗೆ ಬಾಗಿಸುತ್ತ. ಬೇಸಿಗೆಯ ಬಿಸಿಲಲ್ಲಿ ಕಾದ ತಗಡಿನ ಮೇಲೆ ಒದ್ದೆ ಚರ್ಮ ಹರವಿದರೆ ಸುರುಟಿಕೊಂಡು ಹಲಗೆಯಾಗುತ್ತದೆ, ಮತ್ತೆ ಸರಿಹೋಗದು.

ಕೊನೆಗೆ ನೀಟ್ಸ್‌ಫುಟ್ ಎಣ್ಣೆ (ದನದ ಕಾಲಿನ ಮೂಳೆಯಿಂದ ತೆಗೆದದ್ದು), ಬಟ್ಟೆಗೆ ಹಚ್ಚಿ ತೆಳುವಾಗಿ. ಒಂದು ದಿನ ಬಿಟ್ಟು, ಒಂದು ಪಾಲು ಜೇನುಮೇಣಕ್ಕೆ ಮೂರು ಪಾಲು ಅದೇ ಎಣ್ಣೆ ಸೇರಿಸಿ ಕರಗಿಸಿದ ಮುಲಾಮನ್ನು ಉಜ್ಜಿ. ಇಲ್ಲಿಗೆ ನಿಲ್ಲಿಸಿ. ‘ರಕ್ಷಣೆಗೆ’ ಎಂದು ಲ್ಯಾಕರ್, ಅಂದರೆ ಗಟ್ಟಿ ಹೊಳಪಿನ ಲೇಪ, ಹೊಡೆದರೆ ಇಷ್ಟೂ ಕೆಲಸ ವ್ಯರ್ಥ; ಕೈ ತಾಗದ ಚರ್ಮಕ್ಕೆ ಕಳೆ ಎಲ್ಲಿಂದ ಬರಬೇಕು? ಮೊದಲು ಹಿಡಿಕೆ ಮತ್ತು ಮುಚ್ಚಳದ ಅಂಚು ಕಂದಾಗುತ್ತವೆ. ಇದಕ್ಕೆ ತಿಂಗಳುಗಳು ಬೇಕು. ಇಷ್ಟೆಲ್ಲ ಮಾಡುವ ಮೊದಲು ಅದೇ ಚರ್ಮದ ಚೂರಿನ ಮೇಲೆ ಪೂರ್ತಿ ಪರೀಕ್ಷೆ ಮಾಡಿ. ಚೂರು ಇಟ್ಟುಕೊಂಡಿಲ್ಲವೆಂದರೆ ಬಣ್ಣಕ್ಕೆ ಕೈ ಹಾಕಬೇಡಿ ಎಂದೇ ನನ್ನ ಸಲಹೆ.

ಪ್ರಶ್ನೆ: ಮರಳುಕಾಗದ ಉಜ್ಜಿ ಬೇಗ ಹಳೆಯದಾಗಿ ಕಾಣಿಸಬಹುದೇ? (ಅಕ್ಕಲಕೋಟೆ)

ಉತ್ತರ: ಬೇಡ. ಚರ್ಮದ ಬಲವಾದ ಮೇಲ್ಪದರ ಕಿತ್ತರೆ ಮತ್ತೆ ಬೆಳೆಯುವುದಿಲ್ಲ. ಉಳಿಯುವುದು ನಾರು ಎದ್ದ ಗಾಯ.

ಪ್ರಶ್ನೆ: ಕೊಬ್ಬರಿ ಎಣ್ಣೆ ಸವರಿದರೆ ತಾನೇ ಮಾಗುತ್ತದೆ ಎಂದು ವಿಡಿಯೊದಲ್ಲಿ ಹೇಳಿದ್ದಾರೆ. (ಜತ್ತ)

ಉತ್ತರ: ಹೇಳಿದವರ ಚೀಲವನ್ನು ಚಳಿಗಾಲದಲ್ಲಿ ನೋಡಿ. 24 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿ ಬಿಳಿ ಮಸುಕು ಎದ್ದು ಕಾಣುತ್ತದೆ. ಸಾಸಿವೆ ಎಣ್ಣೆ ಅಂಟಾಗುತ್ತದೆ. ಹಳೆ ಎಂಜಿನ್ ಆಯಿಲ್ ಸವರಲು ಹೇಳುವವರ ಮಾತನ್ನು ಕಿವಿಗೂ ಹಾಕಿಕೊಳ್ಳಬೇಡಿ. ಅದು ಮೈಗೆ ತಾಗುವ ವಸ್ತುವಿಗೆ ಹಚ್ಚುವಂಥದ್ದಲ್ಲ.

ಪ್ರಶ್ನೆ: ನಿಮ್ಮ ಕಬ್ಬಿಣದ ನೀರು ನನ್ನ ಆನ್‌ಲೈನ್ ಚರ್ಮದ ಮೇಲೆ ಏನೂ ಮಾಡಲಿಲ್ಲ. (ಮಂಗಳವೇಢೆ)

ಉತ್ತರ: ಅದು ಕ್ರೋಮ್ ಚರ್ಮ (ತೊಗಟೆಯ ಬದಲು ಕ್ರೋಮಿಯಂ ಲವಣದಲ್ಲಿ ಹದ ಮಾಡಿದ್ದು) ಅಥವಾ ರೆಕ್ಸಿನ್. ಕತ್ತರಿಸಿದ ಅಂಚು ನೀಲಿಬೂದಿ ಇದ್ದರೆ ಕ್ರೋಮ್. ಬಟ್ಟೆಯ ಎಳೆ ಕಂಡರೆ ರೆಕ್ಸಿನ್. ಎರಡರಲ್ಲೂ ಟ್ಯಾನಿನ್ ಇಲ್ಲ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಿ, ಅಂದರೆ ಊರಿನ ವಸ್ತುವಿಗೆ ಕೊಡುವ ಜಿಐ ಗುರುತು, ಸಿಕ್ಕಾಗ ಸೊಲ್ಲಾಪುರ, ಸಾಂಗ್ಲಿ, ಬೆಳಗಾವಿಯೂ ಅದರ ಜಿಲ್ಲೆಗಳ ಪಟ್ಟಿಯಲ್ಲಿದ್ದವು. ತೊಗಟೆಯ ಹದದ ಚರ್ಮ ಮಾಡುವವರು ಇಷ್ಟು ಹತ್ತಿರವಿರುವಾಗ, ಮುಟ್ಟಿ ಮೂಸಿ ನೋಡಲಾಗದ ಚರ್ಮವನ್ನು ತರಿಸಬೇಡಿ.